ಮಸಾಟೊ ತಲೆ ಕೊಡದ ಚೆಂಡು

ಕೊಲಿಂಡೇಲ್

ಲಂಡನ್ನಿಗೆ ಬಂದ ಮರುದಿನವೇ ನಾನು ಕೊಲಿಂಡೇಲಿನ ತಮ್ಮನ ಫ್ಲ್ಯಾಟಿನಿಂದ ಹೊರಬಿದ್ದೆ. ಯಾರೂ ಹೊರಗೆ ಹಾಕಲಿಲ್ಲ, ಬಾಗಿಲೇ ಹಾಕಿತು. ಕಸದ ಚೀಲವನ್ನು ಲಿಫ್ಟಿನ ಪಕ್ಕದ ಕೋಣೆಯಲ್ಲಿಟ್ಟು ಬರೋಣವೆಂದು ನಾಲ್ಕು ಹೆಜ್ಜೆ ಹೋಗಿದ್ದೆ, ಹಿಂದೆ ಟಕ್ಕೆಂದು ಸದ್ದಾಯಿತು. ಗದಗಿನ ನಮ್ಮ ಮನೆಯ ಬಾಗಿಲನ್ನು ನಾವೇ ಹಾಕಬೇಕು, ಅದೂ ಸ್ವಲ್ಪ ಎತ್ತಿ ಹಿಡಿದು. ಇಲ್ಲಿಯದು ತಾನೇ ಮುಚ್ಚಿಕೊಳ್ಳುತ್ತದೆ, ಕೀಲಿ ಇಲ್ಲದೆ ಹೊರಗಿನಿಂದ ತೆರೆಯುವುದಿಲ್ಲ. ತಮ್ಮ ಪ್ರಕಾಶ, ಅವನ ಹೆಂಡತಿ ವಿದ್ಯಾ ಇಬ್ಬರೂ ಆಫೀಸಿನಲ್ಲಿ. ನನ್ನ ಫೋನು ಒಳಗೆ. ಮೈಮೇಲೆ ನೈಟಿ, ಹೆಗಲ ಮೇಲೆ ಟವೆಲ್.

ಉದ್ದನೆಯ ಕಾರಿಡಾರು, ಎರಡೂ ಬದಿಗೆ ಒಂದೇ ಬಣ್ಣದ ಬಾಗಿಲುಗಳು. ನಮ್ಮ ಓಣಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನ ಸೇರಿ ಹತ್ತು ಉಪಾಯ ಹೇಳುತ್ತಿದ್ದರು. ಇಲ್ಲಿ ಒಂದು ಕೆಮ್ಮೂ ಕೇಳಿಸಲಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಎದುರಿನ ಬಾಗಿಲು ತೆರೆಯಿತು. ಬಾಗಿಲಿನಷ್ಟೇ ಎತ್ತರದ ಒಬ್ಬ ಜಪಾನೀಯರು ನನ್ನನ್ನೂ ಮುಚ್ಚಿದ ಬಾಗಿಲನ್ನೂ ನೋಡಿ, ತಲೆಬಾಗಿ, “ಬಾಗಿಲು?” ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಬಾಗಿಲು,” ಎಂದೆ.

“ನಮಗೂ ಆಗಿದೆ,” ಎಂದು ಗಂಭೀರವಾಗಿ ಹೇಳಿ ಹೆಂಡತಿಯನ್ನು ಕರೆದರು.

ಅವರ ಹೆಸರು ಮಸಾಟೊ. ಹೆಂಡತಿ ಯೂಕೊ. ಆಕೆ ಏನೂ ಕೇಳದೆ ತನ್ನ ಉಣ್ಣೆಯ ಅಂಗಿಯೊಂದನ್ನು ನನಗೆ ಹೊದಿಸಿ, ಹುರಿದ ಬಾರ್ಲಿಯ ಚಹಾ ತಂದುಕೊಟ್ಟಳು. ಅಂದು ಹೊರಗೆ ಆ ಊರಿಗೆ ಅಪರೂಪದ ಬಿಸಿಲು. ಒಳಗೆ ಮಾತ್ರ ಪರದೆ ಎಳೆದಿತ್ತು. ಅರೆಗತ್ತಲಲ್ಲಿ ಕೂತು ಮಸಾಟೊ ಅವರ ಮುಖ ನೋಡಿದೆ. ಎರಡೂ ಹುಬ್ಬುಗಳಲ್ಲಿ ಹೊಲಿಗೆಯ ಗುರುತು, ಮೂಗು ಒಂದು ಬದಿಗೆ ವಾಲಿದೆ. ನಾನು ಜೀವಮಾನವೆಲ್ಲ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟ ಕಲಿಸಿದವಳು. ಗದಗಿನಲ್ಲಿ ನನ್ನನ್ನು ಈಗಲೂ ‘ಪಿ.ಟಿ. ಅಕ್ಕೋರು’ ಎಂದೇ ಕರೆಯುತ್ತಾರೆ. ಅಂಥ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ.

“ಆಟಗಾರರೇ?”

“ಫುಟ್‌ಬಾಲ್. ಡಿಫೆಂಡರ್.”

“ನಾನೂ,” ಎಂದೆ. “ಹಾಕಿ. ಕಾಲೇಜಿನಲ್ಲಿ. ಫುಲ್‌ಬ್ಯಾಕ್.”

ಅವರು ನನ್ನ ನೈಟಿ, ಟವೆಲ್, ನೆರೆತ ಜಡೆ ಎಲ್ಲವನ್ನೂ ಒಮ್ಮೆ ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು ನಿಂತು ಮತ್ತೊಮ್ಮೆ ತಲೆಬಾಗಿದರು, ಈ ಸಲ ಮೊದಲಿಗಿಂತ ಆಳವಾಗಿ.

ಸಂಜೆ ಪ್ರಕಾಶ ಹೊಟ್ಟೆ ಹಿಡಿದು ನಕ್ಕ. “ಕೀ ಮರೀಬ್ಯಾಡ ಅಂತ ಫ್ರಿಜ್ ಮ್ಯಾಲ ಬರದು ಹಚ್ಚೇನಲ್ಲ ಅಕ್ಕಾ!”

“ಕಸಾ ಚೆಲ್ಲಾಕ ಹೋಗೋರು ಫ್ರಿಜ್ ಓದಿ ಹೋಗ್ತಾರೇನೋ?” ಎಂದೆ. ಎದುರು ಮನೆಯವರು ಏನು ಮಾಡುತ್ತಾರೆಂದು ಅವನಿಗೆ ಗೊತ್ತೇ ಇರಲಿಲ್ಲ. “ಜಪಾನೀಸ್ ಕಪಲ್. ಭಾಳ ಶಾಂತ ಮಂದಿ. ಲಿಫ್ಟ್‌ನಾಗ ಹಲೋ ಅಂತೇವಿ,” ಎಂದ. ಅವರು ಎದುರು ಮನೆಗೆ ಬಂದು ಎರಡು ವರ್ಷವಾಗಿದ್ದರೂ ಅಷ್ಟೇ.

ಅದೇ ಮಹಡಿ

ಆಮೇಲೆ ದಿನಾ ಬೆಳಿಗ್ಗೆ ಅವರಲ್ಲಿಗೆ ಚಹಾಕ್ಕೆ ಹೋಗತೊಡಗಿದೆ. ಕೀಲಿಯನ್ನು ದಾರಕ್ಕೆ ಕಟ್ಟಿ ಸೀಟಿಯ ಹಾಗೆ ಕೊರಳಿಗೆ ಹಾಕಿಕೊಂಡಿದ್ದೆ. ಮಾತೆಲ್ಲ ಇಂಗ್ಲಿಷಿನಲ್ಲಿ. ಅವರದು ಒಂದು ಇಂಗ್ಲಿಷು, ನನ್ನದು ಇನ್ನೊಂದು, ನಡುವೆ ಕೈಸನ್ನೆ. ಆದರೂ ಆಟ ಆಡಿದವರಿಗೆ ಹೆಚ್ಚು ಮಾತು ಬೇಕಾಗುವುದಿಲ್ಲ. ಮೇಜಿನ ಮೇಲೆ ಉಪ್ಪಿನ ಡಬ್ಬಿ, ಲೋಟ, ಚಮಚ ಇಟ್ಟರೆ ಅದೇ ಮೈದಾನ.

ಮಸಾಟೊ ಹುಟ್ಟಿದ್ದು ಉತ್ತರ ಜಪಾನಿನ ಒಂದು ಮೀನುಗಾರರ ಊರಿನಲ್ಲಿ. ಚಳಿಗಾಲದಲ್ಲಿ ಶಾಲೆಯ ಮೈದಾನ ಹಿಮದಲ್ಲಿ ಹೂತುಹೋಗುತ್ತಿತ್ತಂತೆ. ಆಗ ಮೀನು ಹರಾಜು ಹಾಕುವ ಕಟ್ಟೆಯ ಮೇಲೆ ಆಡುತ್ತಿದ್ದರಂತೆ, ಚೆಂಡಿಗೂ ಮೀನಿನ ವಾಸನೆ. ಅವರಿಗೆ ಗೋಲು ಹೊಡೆಯುವವನಾಗಬೇಕೆಂಬ ಆಸೆ. ಕೋಚ್ ಅವರ ಎತ್ತರ ನೋಡಿ ಹಿಂದಕ್ಕೆ ಕಳಿಸಿದರು. ಅಂದು ಮನೆಗೆ ಹೋಗಿ ಅತ್ತರಂತೆ.

“ಆಮೇಲೆ?” ಎಂದೆ.

“ಆಮೇಲೆ ತಿಳಿಯಿತು, ಹಿಂದೆ ನಿಂತವನಿಗೆ ಮೈದಾನವೆಲ್ಲ ಕಾಣಿಸುತ್ತದೆ.”

ನಾನು ಮೇಜು ತಟ್ಟಿದೆ. ಇದನ್ನು ನಾನು ನನ್ನ ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದೇನೋ! ಎಲ್ಲರಿಗೂ ಮುಂದೆ ಆಡಬೇಕು. ಹಿಂದೆ ನಿಲ್ಲಿಸಿದರೆ ಶಿಕ್ಷೆ ಕೊಟ್ಟಂತೆ ಮುಖ ಮಾಡುತ್ತಾರೆ.

ದೊಡ್ಡ ಕ್ಲಬ್ಬುಗಳು ಅವರನ್ನು ಕರೆಯಲಿಲ್ಲ. ಎರಡನೆಯ ದರ್ಜೆಯ ಒಂದು ತಂಡ ಸೇರಿದರು, ಅದು ಸೋತು ಮೂರನೆಯ ದರ್ಜೆಗೆ ಇಳಿಯಿತು. ಅಲ್ಲಿಂದ ಬೆಲ್ಜಿಯಮ್ಮಿನ ಒಂದು ಸಣ್ಣ ಊರು. ಅಲ್ಲಿ ಮುಂದೆ ಆಡುವವರು ಕಾಲಿಗಿಂತ ಮೊಣಕೈಯನ್ನೇ ಹೆಚ್ಚು ಆಡಿಸುತ್ತಿದ್ದರಂತೆ, ಮೂಗು ವಾಲಿದ್ದು ಅಲ್ಲೇ. ಆಮೇಲೆ ಲಂಡನ್ನಿನ ಈ ಕೆಳದರ್ಜೆಯ ಕ್ಲಬ್ಬು. ಇಷ್ಟು ವರ್ಷಗಳಲ್ಲಿ ಹೊಡೆದ ಗೋಲುಗಳು ಒಂದು ಕೈಯ ಬೆರಳಿಗೂ ಸಾಲವು. ಒಮ್ಮೆ ಮಾತ್ರ ದೇಶದ ತಂಡಕ್ಕೆ ಕರೆ ಬಂದಿತ್ತು. ಅಂಗಿ ತೊಟ್ಟು ಬೆಂಚಿನ ಮೇಲೆ ಕೂತರು, ಆಡಿಸಲಿಲ್ಲ. ಆ ಅಂಗಿ ಈಗ ತಾಯಿಯ ಹತ್ತಿರ ಇದೆ.

“ಒಗೆಯದೆ ಇಟ್ಟಿದ್ದಾರೆ,” ಎಂದು ಯೂಕೊ ನಕ್ಕಳು. “ಬೆವರೇ ಇಲ್ಲ, ಏನನ್ನು ಒಗೆಯುವುದು?”

ಮಸಾಟೊ ಅವರೂ ನಕ್ಕರು. ಅವರು ಹೆಮ್ಮೆಯಿಂದ ಹೇಳಿಕೊಂಡದ್ದು ಒಂದೇ ಮಾತು: “ಮೇಲಿನಿಂದ ಬರುವ ಚೆಂಡು ನನ್ನದು.” ತಲೆಯಿಂದ ಚೆಂಡು ಹೊಡೆಯುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆಯಂತೆ. ಈ ವರ್ಷ ಮಾತ್ರ ಹೆಚ್ಚಾಗಿ ಬೆಂಚಿನ ಮೇಲೆಯೇ. ಒಪ್ಪಂದ ಈ ತಿಂಗಳಿಗೆ ಮುಗಿಯುತ್ತದೆ. ಸ್ವಂತ ಮೈದಾನದಲ್ಲಿ ಇನ್ನೊಂದು ಪಂದ್ಯ ಉಳಿದಿದೆ. ಅವರ ಜಾಗದಲ್ಲಿ ಆಡುವ ತರುಣ ಕೆಂಪು ಕಾರ್ಡು ಪಡೆದು ಹೊರಗಿರುವುದರಿಂದ, ಕೊನೆಯ ಪಂದ್ಯ ಇವರಿಗೆ ಸಿಗಲಿದೆ.

“ನೀವೂ ಬನ್ನಿ,” ಎಂದರು. ಆಗ ಅವರ ಮುಖ ಮೀನು ಹರಾಜಿನ ಕಟ್ಟೆಯ ಮೇಲಿನ ಹುಡುಗನ ಮುಖದಂತಾಗಿತ್ತು.

ಸ್ಟ್ಯಾನ್ಮೋರ್

ಎರಡು ವರ್ಷ ಬರೀ ಹಲೋ ಅಂದದ್ದಕ್ಕೆ ಪ್ರಕಾಶನಿಗೆ ನಾಚಿಕೆಯಾಗಿರಬೇಕು. ಭಾನುವಾರ ಸ್ಟ್ಯಾನ್ಮೋರಿನ ಪಾಟೀಲರ ಮನೆಯ ಊಟಕ್ಕೆ ಹೊರಟಾಗ ಅವರಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡ. ಪಾಟೀಲರು ವಿಜಯಪುರದವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಸುತ್ತ ತೋಟವಿರುವ ಒಂಟಿ ಮನೆ. ಒಳಗೆ ಕಾಲಿಟ್ಟರೆ ಎಣ್ಣೆಗಾಯಿಯ ಘಮ, ಜೋಳದ ರೊಟ್ಟಿ ಬಡಿಯುವ ಸದ್ದು. ನಾನು ಬಂದದ್ದು ಲಂಡನ್ನಿಗೋ ವಿಜಯಪುರಕ್ಕೋ ಎಂದು ಒಂದು ಗಳಿಗೆ ಅನುಮಾನವಾಯಿತು. ಹಿರಿಯರು ಕನ್ನಡದಲ್ಲಿ ಬೈದರೆ ಮಕ್ಕಳು ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಿದ್ದವು.

ಫುಟ್‌ಬಾಲ್ ಆಟಗಾರರು ಬಂದಿದ್ದಾರೆಂದು ಪಾಟೀಲರು ಓಡೋಡಿ ಬಂದರು. ಕೈಕುಲುಕಿ, ಯಾವ ತಂಡವೆಂದು ಕೇಳಿ, ಉತ್ತರ ಬಂದ ಮೇಲೆ ಪ್ರಕಾಶನ ಕಡೆ ತಿರುಗಿ, “ಅದು ಭಾಳ ಕೆಳಗಿನ ಲೀಗ್ ಐತಲ್ರೀ?” ಎಂದರು. ಆಮೇಲೆ ಟೀವಿಯಲ್ಲಿ ಬರುವ ದೊಡ್ಡ ತಂಡದ ವಿಷಯ ಎತ್ತಿದರು. ಮಸಾಟೊ ಅವರಿಗೆ ಕನ್ನಡ ಬಾರದು, ಆದರೆ ಆ ಧಾಟಿ ಯಾವ ಭಾಷೆಯಲ್ಲೂ ಒಂದೇ. ಅವರು ಶೇಂಗಾ ಚಟ್ನಿಯನ್ನು ರೊಟ್ಟಿಗೆ ಹಚ್ಚಿ, ಅದನ್ನು ಎಷ್ಟು ಶ್ರದ್ಧೆಯಿಂದ ಅಗಿಯುತ್ತಿದ್ದರೆಂದರೆ, ಪಾಟೀಲರ ಹೆಂಡತಿ ಸುವರ್ಣಾ, “ಇವ್ರಿಗೆ ಇನ್ನೊಂದ ಹಾಕ್ರಿ, ಹಲ್ಲ ಗಟ್ಟಿ ಅದಾವ,” ಎಂದಳು.

ಊಟವಾದ ಮೇಲೆ ಗಂಡಸರು ಹಣ್ಣಿನ ತಟ್ಟೆ ಹಿಡಿದು ತೋಟದಲ್ಲಿ ನಿಂತಿದ್ದರು. ಯೂಕೊ ಒಳಗೆ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದಳು. ಮಕ್ಕಳು ಒದ್ದ ರಬ್ಬರಿನ ಹಗುರ ಚೆಂಡೊಂದು ಮೇಲೆ ಹಾರಿ, ಮೆಲ್ಲಗೆ, ಸರಿಯಾಗಿ ಮಸಾಟೊ ಅವರ ತಲೆಯ ಕಡೆಗೇ ಇಳಿಯಿತು. “ಹೆಡ್! ಹೆಡ್!” ಎಂದು ಮಕ್ಕಳು ಕೂಗಿದರು.

ಮಸಾಟೊ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿದರು. ತಟ್ಟೆ ಕಲ್ಲಿನ ಮೇಲೆ ಬಿದ್ದು ಒಡೆಯಿತು.

ಎಲ್ಲರೂ ನಕ್ಕರು. ಮಸಾಟೊ ಅವರೂ ನಗುತ್ತ ಚೂರುಗಳನ್ನು ಆರಿಸಿದರು. ನನಗೆ ನಗು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಗೋಡೆಗೆ ಒರಗಿ, ಬಿಸಿಲಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಂತಿದ್ದನ್ನು ಕಂಡೆ. ಹೀಗೆ ನಿಂತವಳನ್ನು ನಾನು ಮೊದಲೂ ನೋಡಿದ್ದೇನೆ. ನಮ್ಮ ಶಾಲೆಯ ರೇಣುಕಾ. ಹಾಕಿ ಸ್ಟಿಕ್ಕು ತಲೆಗೆ ಬಡಿದ ಮೇಲೆ, ಏನೂ ಆಗಿಲ್ಲ ಅಕ್ಕೋರ್ರಿ ಎನ್ನುತ್ತಲೇ, ಬೇವಿನ ಮರದ ಹಿಂದೆ ಹೋಗಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಕೊಲಿಂಡೇಲಿನ ಎಳೆದ ಪರದೆಗಳ ಅರ್ಥ ನನಗೆ ಆಗ ಆಯಿತು.

ಸ್ಟ್ರಾಟ್‌ಫರ್ಡ್

ಅದಾದ ಎರಡು ದಿನಕ್ಕೆ ಯೂಕೊ ನನ್ನನ್ನು ಸ್ಟ್ರಾಟ್‌ಫರ್ಡಿಗೆ ಕರೆದೊಯ್ದಳು. ಅವಳಿಗೆ ತಾಯಿಗೊಂದು ಕೋಟು ಕೊಳ್ಳಬೇಕಿತ್ತು. ಮಸಾಟೊ ಅವರೂ ಬಂದರು. ಅಲ್ಲಿನ ಅಂಗಡಿಗಳ ಕಟ್ಟಡ ಒಂದು ಊರಿನಷ್ಟಿದೆ, ಸೂರ್ಯನ ಅಗತ್ಯವೇ ಇಲ್ಲದಷ್ಟು ದೀಪ. ಯೂಕೊ ಅಂಗಡಿಯೊಳಗೆ ಹೋದಳು. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಮಸಾಟೊ ಅವರ ಹಣೆಯಲ್ಲಿ ಬೆವರು ಕಾಣಿಸಿತು.

“ಹೊರಗೆ ಹೋಗೋಣವೇ?” ಎಂದರು.

ಒಲಿಂಪಿಕ್ ಪಾರ್ಕಿನ ಕಾಲುವೆಯ ಪಕ್ಕ ನಡೆದೆವು. ಮುಂದೆ ಕಾಣುತ್ತಿದ್ದ ಸೇತುವೆಯ ಕಡೆ ಕೈ ತೋರಿಸಿ, “ಅದರ ಮೇಲೆ... ಆ...” ಎಂದು ತಡವರಿಸಿದರು. ನಾನು, “ಸೇತುವೆ,” ಎಂದೆ. ಇಂಗ್ಲಿಷಿನ ಮಾತು ಮರೆತಿರಬೇಕೆಂದು ಎಣಿಸಿ, “ಅದಕ್ಕೆ ಜಪಾನಿಯಲ್ಲಿ ಏನೆನ್ನುತ್ತೀರಿ?” ಎಂದು ಕೇಳಿದೆ.

ಅವರು ಸೇತುವೆಯನ್ನೇ ನೋಡುತ್ತ ನಿಂತರು. “ಅದೂ ಬರುತ್ತಿಲ್ಲ,” ಎಂದರು.

ಇನ್ನು ಸುಮ್ಮನಿರಲು ನನ್ನಿಂದಾಗಲಿಲ್ಲ. “ತಲೆಗೆ ಪೆಟ್ಟು ಬಿದ್ದದ್ದು ಯಾವಾಗ?” ಎಂದು ಕೇಳಿದೆ, ಶಾಲೆಯಲ್ಲಿ ಕೇಳುವ ಹಾಗೆಯೇ.

ಚಳಿಗಾಲದಲ್ಲಿ, ಅಭ್ಯಾಸದ ವೇಳೆ. ಒಂದೇ ಚೆಂಡಿಗೆ ಇಬ್ಬರು ನೆಗೆದು ತಲೆಗೆ ತಲೆ ಬಡಿದಿತ್ತು. ಕ್ಲಬ್ಬಿನ ಡಾಕ್ಟರು ಪ್ರಶ್ನೆಗಳನ್ನು ಕೇಳಿದರು, ಇವರು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಟ್ಟರು. ವಿಶ್ರಾಂತಿಯ ಮೇಲೆ ಮತ್ತೆ ಕೇಳಿದಾಗ ತಲೆನೋವಿಲ್ಲ ಎಂದರು. ಅದೊಂದು ಸುಳ್ಳು. ಆಮೇಲೆ ಪ್ರತಿ ವಾರ ಅದೇ ಸುಳ್ಳು. ಬೆಳಕು ಚುಚ್ಚುತ್ತದೆ, ಮಾತು ಜಾರಿಹೋಗುತ್ತದೆ. ಯೂಕೊಗೆ ಮೈಗ್ರೇನ್ ಎಂದು ಹೇಳಿದ್ದಾರೆ.

“ಒಂದೇ ಆಟ ಉಳಿದಿದೆ,” ಎಂದರು. “ಒಂದೇ.”

“ನಮ್ಮ ರೇಣುಕಾನೂ ಹಾಗೇ ಅಂದಿದ್ದಳು. ಜಿಲ್ಲಾ ಫೈನಲ್ ಇತ್ತು.”

“ಆಡಿದಳೇ?”

“ನಾನು ಬಿಡಲಿಲ್ಲ. ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದಳು. ಈಗ ಅವಳ ಮಗಳು ನನ್ನ ಹತ್ತಿರವೇ ಹಾಕಿ ಕಲಿಯುತ್ತಾಳೆ.”

ಅವರು ಕಾಲುವೆಯ ನೀರಿನ ಕಡೆ ಮುಖ ತಿರುಗಿಸಿದರು. ನಾನೇ ಹೇಳಿದೆ: “ಯೂಕೊಗೆ ತಿಳಿಸಿ. ಶುಕ್ರವಾರದೊಳಗೆ ನೀವು ಹೇಳದಿದ್ದರೆ ನಾನು ಹೇಳುತ್ತೇನೆ.”

ಮಸಾಟೊ ನನ್ನ ಕಡೆ ತಿರುಗಿದರು. ಅಷ್ಟು ದಿನ ಕಂಡಿರದ ಮುಖ. “ನೀವು ಅತಿಥಿ,” ಎಂದರು. “ಕೆಲವು ವಾರಕ್ಕೆ ಬಂದವರು.”

ಹೇಳಿ ಮುಂದೆ ನಡೆದುಬಿಟ್ಟರು. ವಾಪಸು ಬರುವಾಗ ಟ್ಯೂಬ್ ಎಂಬ ನೆಲದಡಿಯ ರೈಲಿನಲ್ಲಿ ದೂರದ ಬಾಗಿಲ ಬಳಿ ನಿಂತಿದ್ದರು. ಯೂಕೊ ಹೊಸ ಕೋಟಿನ ಗುಂಡಿಗಳನ್ನು ನನಗೆ ತೋರಿಸುತ್ತಿದ್ದಳು. ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಿದ್ದೆನೇ ಹೊರತು ಅದರ ಬಣ್ಣ ಯಾವುದೆಂದು ಈಗ ಕೇಳಿದರೆ ಹೇಳಲಾರೆ.

ಶುಕ್ರವಾರ

ಬೆಳಗಿನ ಚಹಾ ನಿಂತಿತು. ಪ್ರಕಾಶನಿಗೂ ವಿದ್ಯಾಗೂ ವಿಷಯ ತಿಳಿಸಿದೆ.

“ಇಲ್ಲಿ ಹಂಗ ಮಂದಿ ಮನೀ ವಿಷಯದಾಗ ತಲೀ ಹಾಕಬಾರದು ಅಕ್ಕಾ,” ಎಂದ ಪ್ರಕಾಶ. “ಅವ್ರ ಜೀವ, ಅವ್ರ ಕೆಲಸ. ನೀ ಹೋಗ್ತಿ, ನಾವು ಇಲ್ಲೇ ಇರಬೇಕು.”

ವಿದ್ಯಾ ಮೈಸೂರಿನವಳು, ಮೆತ್ತಗಿನ ಮಾತು. ಆದರೆ ಅಂದು ಗಂಡನನ್ನು ತಡೆದು ಹೇಳಿದಳು. “ಇಲ್ಲೇ ಇರಬೇಕು ಅಂತಾನೇ ಹೇಳ್ಬೇಕು ಕಣ್ರೀ. ನಾಳೆ ಏನಾದ್ರೂ ಆದ್ರೆ ದಿನಾ ಆ ಬಾಗ್ಲು ನೋಡ್ಕೊಂಡು ಹೇಗ್ರೀ ಓಡಾಡೋದು? ಅತ್ತಿಗೆ, ನೀವು ಹೋಗಿ.”

ಸಂಜೆ ಹೋಗಿ ಬಾಗಿಲು ತಟ್ಟಿದೆ. ಇಂಗ್ಲಿಷಿನಲ್ಲಿ ಮೊದಲ ವಾಕ್ಯವನ್ನು ಜೋಡಿಸಿಕೊಂಡೇ ಹೋಗಿದ್ದೆ. ಅದರ ಅಗತ್ಯ ಬೀಳಲಿಲ್ಲ. ಯೂಕೊಳ ಕಣ್ಣುಗಳು ಊದಿದ್ದವು.

“ನಿನ್ನೆ ಹೇಳಿದರು,” ಎಂದಳು. “ನೀವು ಹೇಳುತ್ತೀರೆಂಬ ಕೋಪಕ್ಕೇ ಹೇಳಿದರು.”

“ನಾಳೆ ಆಡುತ್ತಾರೆಯೇ?”

“ಇಲ್ಲ. ಮೈದಾನಕ್ಕೆ ಹೋಗಿ, ಕೋಚ್ ಎದುರಿಗೆ ತಾವೇ ಹೇಳುತ್ತಾರಂತೆ. ಫೋನಿನಲ್ಲಿ ಹೇಳುವ ಮಾತಲ್ಲವಂತೆ.” ನನ್ನ ಕೈ ಹಿಡಿದುಕೊಂಡು, “ನೀವು ನನ್ನ ಜೊತೆ ಬರುತ್ತೀರಾ?” ಎಂದಳು.

ಮೈದಾನ

ಆ ಕ್ಲಬ್ಬಿನ ಮೈದಾನ ಥೇಮ್ಸ್ ನದಿಯ ಆಚೆ, ಸಾಲು ಮನೆಗಳ ನಡುವೆ ಇದೆ. ಹಿತ್ತಲಿನಲ್ಲಿ ಒಣಹಾಕಿದ ಬಟ್ಟೆಗಳು ಗೋಲಿನ ಹಿಂದೆ ಹಾರಾಡುತ್ತವೆ. ಬಂದವರಲ್ಲಿ ಹೆಚ್ಚಿನವರು ವಯಸ್ಸಾದವರು, ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ಜಾಗ. ಟ್ಯೂಬಿನಲ್ಲಿ ಪರಸ್ಪರ ಮುಖ ನೋಡದ ಈ ಜನ ಇಲ್ಲಿ ಅಪರಿಚಿತಳಾದ ನನಗೂ ಪೆಪ್ಪರ್‌ಮಿಂಟ್ ಕೊಟ್ಟರು. ಕೊಟ್ಟವನು ಉಣ್ಣೆಯ ಟೋಪಿ ಹಾಕಿದ ಒಬ್ಬ ಮುದುಕ. ನಾವು ಯಾರೆಂದು ಅವನಿಗೆ ತಿಳಿಯದು.

“ಇವತ್ತು ನಮ್ಮ ಮ್ಯಾಟ್ ಆಡುತ್ತಾನೆ,” ಎಂದ. ಮಸಾಟೊ ಅಲ್ಲಿ ಮ್ಯಾಟ್ ಆಗಿದ್ದರು. “ಮೇಲಿನಿಂದ ಬಂದ ಚೆಂಡನ್ನು ಅವನು ಬಿಟ್ಟದ್ದು ನಾನು ನೋಡಿಲ್ಲ.”

ಆಟಗಾರರು ಸಾಲಾಗಿ ಹೊರಗೆ ಬಂದರು. ಬೂಟು, ಅಂಗಿ ತೊಟ್ಟ ಮಸಾಟೊ ಆ ಸಾಲಿನಲ್ಲಿದ್ದರು.

ಹೇಳಿಲ್ಲ.

ಯೂಕೊಳ ಉಗುರು ನನ್ನ ತೋಳಿಗೆ ಊರಿತು. ನಾನು ಎದ್ದು ನಿಂತೆ. ಯಾರಿಗೆ ಹೇಳಬೇಕು, ಯಾವ ಕಡೆ ಓಡಬೇಕು ಒಂದೂ ಹೊಳೆಯಲಿಲ್ಲ. ಅಷ್ಟರಲ್ಲಿ ರೆಫರಿ ಸೀಟಿ ಊದಿದ.

ಎದುರಾಳಿಗಳು ಚೆಂಡನ್ನು ನೆಲದ ಮೇಲೆಯೇ ಆಡುತ್ತಿದ್ದರು. ಸ್ವಲ್ಪ ಹೊತ್ತು ಭಯದ ನಡುವೆಯೂ ನಾನು ಮೈಮರೆತು ನೋಡಿದೆನೆಂದು ಹೇಳದಿದ್ದರೆ ತಪ್ಪಾಗುತ್ತದೆ. ಮಸಾಟೊ ಓಡುವುದೇ ಕಡಿಮೆ. ಚೆಂಡು ಎಲ್ಲಿಗೆ ಬರಲಿದೆಯೋ ಅಲ್ಲಿ ಮೊದಲೇ ನಿಂತಿರುತ್ತಾರೆ, ಬಸ್ಸಿಗೆ ಕಾಯುವವರ ಹಾಗೆ. ಪಕ್ಕದ ತರುಣನನ್ನು ಕೈಸನ್ನೆಯಿಂದಲೇ ಎಡಕ್ಕೆ ಬಲಕ್ಕೆ ಸರಿಸುತ್ತಾರೆ. ಅವರ ಹಿಂದೆ ಗೋಲ್‌ಕೀಪರ್ ಕೈಕಟ್ಟಿ ನಿಂತಿದ್ದ, ಅವನಿಗೆ ಕೆಲಸವೇ ಇರಲಿಲ್ಲ.

ಆಮೇಲೆ ಬಲಗಡೆಯಿಂದ ಒಬ್ಬ ಚೆಂಡನ್ನು ಎತ್ತರಕ್ಕೆ ಒದ್ದ.

ಅದು ಮೇಲೇರಿ ಮನೆಗಳ ಚಿಮಣಿಗಳ ಮಟ್ಟ ಮುಟ್ಟಿ ಇಳಿಯತೊಡಗಿತು. ಮಸಾಟೊ ಸರಿಯಾಗಿ ಅದರ ಕೆಳಗಿದ್ದರು. ಮುದುಕ ಪೂರ್ತಿ ನಿಶ್ಚಿಂತೆಯಿಂದ, “ಮ್ಯಾಟ್‌ದು,” ಎಂದ. ಮಸಾಟೊ ಮೊಣಕಾಲು ಬಾಗಿಸಿದರು. ನೆಗೆಯಲಿಲ್ಲ. ಕೈಗಳು ಸ್ವಲ್ಪ ಮೇಲೆದ್ದು ಹಾಗೇ ನಿಂತವು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರು. ಚೆಂಡು ಅವರ ಮುಂದೆ ನೆಲಕ್ಕೆ ಬಿದ್ದು ಪುಟಿಯಿತು. ಹಿಂದಿನಿಂದ ಓಡಿಬಂದ ಎದುರಾಳಿ ಅದನ್ನು ಗೋಲಿನೊಳಕ್ಕೆ ಒದ್ದ.

ಮೈದಾನವೆಲ್ಲ ರೇಗಿತು. ಮುದುಕ ಎದ್ದು ನಿಂತು ಬೈದ. ಬೈಗುಳ ಅರ್ಥವಾಗಲು ಇಂಗ್ಲಿಷು ಬೇಕಿರಲಿಲ್ಲ. ಮಸಾಟೊ ಗೋಲ್‌ಕೀಪರ್ ಹತ್ತಿರ ಹೋಗಿ ತಲೆಬಾಗಿದರು. ಆಮೇಲೆ ನಿಧಾನವಾಗಿ ಬೆಂಚಿನ ಕಡೆ ನಡೆದು, ಗೆರೆಯ ಬಳಿ ನಿಂತು, ಕೋಚ್ ಎದುರಿಗೆ ಬೆರಳಿನಿಂದ ತಮ್ಮ ತಲೆಯನ್ನು ತಟ್ಟಿ ತೋರಿಸಿ, ಕೈಯಾಡಿಸಿದರು. ಇನ್ನು ಆಗದು. ಡಾಕ್ಟರು ಓಡಿ ಬಂದು ಅವರನ್ನು ಹುಲ್ಲಿನ ಮೇಲೆ ಕೂರಿಸಿದರು.

ಯೂಕೊ ಕೆಳಗೆ ಓಡಿದಳು. ಗೇಟಿನಲ್ಲಿ ಹಳದಿ ಅಂಗಿಯ ಕಾವಲಿನವನು ತಡೆದ. ನಾನು ಹಿಂದಿನಿಂದ, ಗದಗಿನ ಮೈದಾನದಲ್ಲಿ ಈ ತುದಿಯಿಂದ ಆ ತುದಿಗೆ ಕೇಳಿಸುವ ದನಿಯಲ್ಲಿ, “ಆಕೆ ಅವರ ಹೆಂಡತಿ! ಬಿಡ್ರೀ!” ಎಂದು ಕೂಗಿದೆ. ಅರ್ಧ ಇಂಗ್ಲಿಷು ಅರ್ಧ ಕನ್ನಡ. ಅವನು ಗೇಟು ತೆರೆದು, ನನಗೂ ಸೇರಿಸಿ, ಸಾರಿ ಎಂದ.

ಮೇಲೆ ಬಂದು ಕೂತಾಗ ಮುದುಕ ನನ್ನನ್ನೇ ನೋಡುತ್ತಿದ್ದ. “ತಲೆಯೇ?” ಎಂದು ಕೇಳಿದ.

“ಹೌದು. ಚಳಿಗಾಲದಿಂದ.”

ಅವನು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಗಾಳಿ ತಣ್ಣಗೆ ಬೀಸುತ್ತಿತ್ತು, ಆಟ ಮುಗಿಯುವವರೆಗೂ ಅವನು ಅದನ್ನು ಮತ್ತೆ ಹಾಕಿಕೊಳ್ಳಲಿಲ್ಲ. ತಂಡ ಆ ಒಂದು ಗೋಲಿನಿಂದ ಸೋತಿತು.

ಮತ್ತೆ ಕೊಲಿಂಡೇಲ್

ಮುಂದಿನ ವಾರ ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ತಿಂಗಳುಗಟ್ಟಲೆ ವಿಶ್ರಾಂತಿ ಬೇಕು, ವಾಸಿಯಾಗುವ ಸಾಧ್ಯತೆ ಇದೆ, ಆಡುವುದು ಮಾತ್ರ ಇನ್ನಿಲ್ಲ ಎಂದರಂತೆ. ಇನ್ನೊಂದು ಪೆಟ್ಟು ಬಿದ್ದಿದ್ದರೆ ಎಂಬ ಮಾತನ್ನು ಡಾಕ್ಟರು ಅರ್ಧಕ್ಕೇ ಬಿಟ್ಟರಂತೆ. ಯೂಕೊ ಇದನ್ನೆಲ್ಲ ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದಳು. ವಿದ್ಯಾ ದಿನಾ ಒಂದು ಡಬ್ಬಿ ಸಾರು ಕಳಿಸತೊಡಗಿದಳು. ಪ್ರಕಾಶ ಆಸ್ಪತ್ರೆಗೆ ಕಾರು ತಾನೇ ಓಡಿಸಿದ. ಮಸಾಟೊ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ನಾನೂ ಹೋಗಿ ಕಾಡಲಿಲ್ಲ. ರೇಣುಕಾಳ ಎರಡು ವರ್ಷ ಕಂಡವಳಿಗೆ ಇದು ಹೊಸದಲ್ಲ ಎಂದುಕೊಂಡರೂ ಬೆಳಗಿನ ಚಹಾದ ಹೊತ್ತಿಗೆ ಎದುರಿನ ಬಾಗಿಲ ಕಡೆಗೇ ಕಿವಿ ಹೋಗುತ್ತಿತ್ತು.

ಹೊರಡುವ ಹಿಂದಿನ ದಿನ, ನಾನು ಸೂಟ್‌ಕೇಸಿನ ಮೇಲೆ ಕೂತು ಅದನ್ನು ಮುಚ್ಚಲು ಹೆಣಗುತ್ತಿದ್ದಾಗ, ಬಾಗಿಲು ತಟ್ಟಿದ ಸದ್ದಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಮಸಾಟೊ ನಿಂತಿದ್ದರು.

“ಅತಿಥಿ ಎಂದೆ,” ಎಂದರು. “ಕ್ಷಮಿಸಿ.”

“ಅತಿಥಿಯೇ ಹೌದಲ್ಲ. ನಾಳೆ ಹೊರಟೆ,” ಎಂದೆ. ಒಳಗೆ ಬಂದರು. ಸೂಟ್‌ಕೇಸಿನ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದರು, ನಾನು ಜಿಪ್ ಎಳೆದೆ. ಆಮೇಲೆ ಕಿಟಕಿಯ ಪರದೆ ಅರ್ಧ ಎಳೆದು ಕೂತೆವು.

“ಅಂದು ಹೇಳಬೇಕೆಂದೇ ಡ್ರೆಸ್ಸಿಂಗ್ ರೂಮಿಗೆ ಹೋದೆ,” ಎಂದು ಅವರೇ ಶುರುಮಾಡಿದರು. “ನನ್ನ ಅಂಗಿ ಗೂಟಕ್ಕೆ ತೂಗಿಹಾಕಿತ್ತು. ಒಗೆದು, ಇಸ್ತ್ರಿ ಮಾಡಿ. ಅದನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ.”

ನಾನು ತಲೆಯಾಡಿಸಿದೆ. ಬೆಂಚಿನಲ್ಲಿ ಕೂತ ಯಾವ ಹುಡುಗಿಯ ಮುಖದಲ್ಲಿ ಆ ಆಸೆಯನ್ನು ನಾನು ನೋಡಿಲ್ಲ?

“ಚೆಂಡು ಬಂದಾಗಲೂ ನೆಗೆಯುವವನೇ ಇದ್ದೆ. ಕಾಲು ಬಾಗಿಸಿದೆ. ಆಗ ಒಂದು ವಿಚಿತ್ರ ಯೋಚನೆ ಬಂತು. ಇದಕ್ಕೆ ತಲೆ ಕೊಟ್ಟರೆ ನಾಳೆ ಬೆಳಿಗ್ಗೆ ಯೂಕೊಳ ಹೆಸರು ನೆನಪಿರುತ್ತದೆಯೇ?” ಕನ್ನಡಕ ಸರಿಪಡಿಸಿಕೊಂಡು, “ಸರಿದು ನಿಂತೆ,” ಎಂದರು.

“ಬೇಜಾರಾಯಿತೇ?”

ಮಾತು ಹುಡುಕುತ್ತಿದ್ದಾರೋ, ಉತ್ತರ ಹುಡುಕುತ್ತಿದ್ದಾರೋ ತಿಳಿಯದೆ ನಾನು ಕಾದೆ.

“ಸಣ್ಣವನಿದ್ದಾಗಿನಿಂದ ಅಂಥ ಚೆಂಡನ್ನು ನಾನು ಕೆಳಗೆ ಬೀಳಲು ಬಿಟ್ಟೇ ಇರಲಿಲ್ಲ,” ಎಂದರು. “ಯಾವಾಗಲೂ ಮೇಲೆಯೇ ಹೊಡೆದುಬಿಡುತ್ತಿದ್ದೆ. ಅಂದು ಮೊದಲ ಸಲ ಅದು ಹುಲ್ಲಿನ ಮೇಲೆ ಬಿದ್ದ ಸದ್ದು ಕೇಳಿದೆ.”

“ಹೇಗಿತ್ತು?”

“ಮೆತ್ತಗಿತ್ತು,” ಎಂದು ಮಸಾಟೊ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಬಹಳ ಮೆತ್ತಗೆ.”